ಪದಕ ಆಮೇಲೆ, ಮೊದಲು ಹೆಂಡತಿಯ ಹೆಸರು ನೋಡಿ

ಈ ಅಂಕಣಕ್ಕೆ ಮಾಜಿ ಸೈನಿಕರ ಮನೆಗಳಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಪದಕದ ವಿಚಾರದವು. ‘ನಮ್ಮ ತಂದೆಯವರು ಎಪ್ಪತ್ತೊಂದರ ಯುದ್ಧದಲ್ಲಿದ್ದರು, ಸಲ್ಲಬೇಕಾದ ಗೌರವ ಸಲ್ಲಲಿಲ್ಲ, ಯಾರನ್ನು ಕೇಳಬೇಕು?’ ಎಂದು ಮಗ ಬರೆಯುತ್ತಾನೆ, ಮಗನಿಗೆ ಬಿಡುವಿಲ್ಲದಿದ್ದರೆ ಮೊಮ್ಮಗಳು ಬರೆಯುತ್ತಾಳೆ. ಜೊತೆಗೆ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಇರುತ್ತದೆ. ನಾನು ಪದಕಗಳ ಪುಟಕ್ಕೆ ಹೋಗುವ ಮೊದಲು ಹೆಂಡತಿ ಮಕ್ಕಳ ವಿವರ ಬರೆದ ಪುಟವನ್ನು ತೆರೆಯುತ್ತೇನೆ. ಸೇನೆಯಲ್ಲಿ ಗುಮಾಸ್ತಿಕೆ ಮಾಡಿ ಬಂದವನ ಚಾಳಿ. ಎಷ್ಟೋ ಸಲ ಪದಕದ ಪುಟ ಸರಿಯಾಗಿಯೇ ಇರುತ್ತದೆ, ಹೆಂಡತಿಯ ಹೆಸರು ತಪ್ಪಾಗಿರುತ್ತದೆ. ಅದರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇರುವುದಿಲ್ಲ.

ಸೇನೆ ತನ್ನ ಜವಾನನನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಭರ್ತಿಯಾದ ಹುಡುಗನಿಗೆ ಒಂದು ಆರ್ಮಿ ನಂಬರ್ ಕೊಡುತ್ತಾರೆ, ಅವನ ಹೆಸರಿನಲ್ಲಿ ಶೀಟ್ ರೋಲ್ ಎಂಬ ಸೇವಾ ದಾಖಲೆ ತೆರೆಯುತ್ತಾರೆ. ಮುಂದೆ ಅವನಿಗೆ ಬಡ್ತಿ ಬರಲಿ, ಮದುವೆಯಾಗಲಿ, ಮಗು ಹುಟ್ಟಲಿ, ಗಾಯವಾಗಲಿ, ಅವನ ಯೂನಿಟ್ಟು ‘ಪಾರ್ಟ್ ಟು ಆರ್ಡರ್’ ಹೊರಡಿಸಿ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಅಲ್ಲಿ ಅದು ಕಡತಕ್ಕೆ ಏರಿದರೆ ಮಾತ್ರ ಸೇನೆಯ ಲೆಕ್ಕದಲ್ಲಿ ಆ ಸಂಗತಿ ನಡೆದಂತೆ. ‘ಪಾರ್ಟ್ ಟು ಆಗದಿದ್ದರೆ ನಿನಗೆ ಮದುವೆಯೇ ಆಗಿಲ್ಲ’ ಎಂದು ಹೊಸ ಮದುಮಕ್ಕಳನ್ನು ನಾವು ಗುಮಾಸ್ತರು ರೇಗಿಸುತ್ತಿದ್ದೆವು. ರೇಗಿಸಿದ್ದು ನಿಜ, ಹೇಳಿದ್ದೂ ನಿಜವೇ.

ತಪ್ಪು ನುಸುಳುವುದು ಎರಡು ಕಡೆ. ಒಂದು, ಭರ್ತಿಯ ದಿನ. ನಮ್ಮ ಕಡೆಯ ಹುಡುಗ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್ ಮಾಡಿಕೊಂಡು ಹೋಗಿರುತ್ತಾನೆ. ಎದುರಿಗಿರುವವರು ಹಿಂದಿಯಲ್ಲಿ ಸರ್‌ನೇಮ್ ಕೇಳುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಹಿಂದಕ್ಕೆ ಸೇರಿಸಿ ಬರೆದುಕೊಳ್ಳುತ್ತಾರೆ. ಕೊಡಗಿನವರಾದರೆ ಮನೆತನದ ಹೆಸರು ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಬರೀ ಅಕ್ಷರವಾಗಿರುತ್ತದೆ. ಎರಡನೆಯದು, ಮದುವೆಯ ರಜೆ ಮುಗಿಸಿ ಯೂನಿಟ್ಟಿಗೆ ಮರಳಿದ ದಿನ. ಹೆಂಡತಿಯ ಹೆಸರೇನು ಎಂದು ಕೇಳಿದಾಗ ಹುಡುಗ ನಾಚಿಕೊಂಡು ಮನೆಯಲ್ಲಿ ಕರೆಯುವ ಹೆಸರನ್ನು ಹೇಳಿಬಿಡುತ್ತಾನೆ. ಶಾಲೆಯ ದಾಖಲೆಯಲ್ಲಿ ಬೇರೆ ಇರುತ್ತದೆ. ಮದುವೆಯಾದ ಮೇಲೆ ಅತ್ತೆ ಮನೆಯವರು ಇಟ್ಟ ಹೆಸರು ಇನ್ನೊಂದು. ಬೆಳಗಾವಿಯ ಕಡೆ ಲಕ್ಕವ್ವ ಎಂದು ಹೇಳಿದ್ದನ್ನು ಲಕ್ಷ್ಮೀಬಾಯಿ ಎಂದು ಬರೆದುಕೊಂಡಿರುವುದನ್ನು ನೋಡಿದ್ದೇನೆ. ಬರೆದವನು ತಾನು ಗೌರವವನ್ನೇ ಕೊಟ್ಟೆ ಅಂದುಕೊಂಡಿರಬೇಕು. ‘ಇದ್ದಾಗ ನಮ್ಮವರು ಒಮ್ಮೆನೂ ನನ್ನ ಆ ಹೆಸರಿಂದ ಕರೀಲಿಲ್ರಿ ಸಾಹೇಬ್ರ, ಈಗ ಸರ್ಕಾರ ಆಕೀ ಯಾರು ಅಂತ ಕೇಳ್ತೈತಿ’ ಎಂದು ಗಂಡ ಹೋದ ಮೇಲೆ ಆ ತಾಯಿ ಹೇಳಿದರು.

ಗಂಡ ಬದುಕಿರುವವರೆಗೆ ಈ ತಪ್ಪು ಯಾರಿಗೂ ಕಾಣಿಸುವುದಿಲ್ಲ. ಪಿಂಚಣಿ ಅವನ ಹೆಸರಿನಲ್ಲಿ, ಅವನ ಖಾತೆಗೆ ಬೀಳುತ್ತಿರುತ್ತದೆ. ಅವನು ತೀರಿಕೊಂಡ ಮರುದಿನದಿಂದ ಅದು ಹೆಂಡತಿಯ ತಪ್ಪಾಗುತ್ತದೆ. ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಮೂವರೂ ಒಬ್ಬಳೇ ಎಂದು ಆಕೆ ಸಾಬೀತು ಮಾಡಬೇಕು, ಅದೂ ಮನೆಯಲ್ಲಿ ಸೂತಕ ಕಳೆಯುವಷ್ಟರಲ್ಲಿ. ಹಿಂದೆ ಪರಿಚಯದ ಬ್ಯಾಂಕ್ ಮ್ಯಾನೇಜರ್ ಇದ್ದರೆ ಮುಖ ನೋಡಿ ದಾಟಿಸುತ್ತಿದ್ದರು. ಈಗ ರಕ್ಷಣಾ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿ ಅದನ್ನು ನಡೆಸುತ್ತದೆ. ಒಂದು ದೃಷ್ಟಿಯಿಂದ ಒಳ್ಳೆಯದೇ. ತನ್ನ ಪಿಪಿಒದಲ್ಲಿ ಏನಿದೆ ಎಂದು ಜವಾನನೇ ಮೊಬೈಲಿನಲ್ಲಿ ತೆರೆದು ನೋಡಬಹುದು. ಆದರೆ ಹಳೆಯ ಕಾಗದದಲ್ಲಿದ್ದ ತಪ್ಪುಗಳೂ ಅದರೊಳಗೆ ಹಾಗೆಯೇ ಹೋಗಿ ಕೂತಿವೆ. ಕಂಪ್ಯೂಟರಿಗೆ ಮುಖದಾಕ್ಷಿಣ್ಯ ಇಲ್ಲ.

ಹೆಸರಿಗಿಂತಲೂ ಸದ್ದಿಲ್ಲದೆ ಹೊಡೆಯುವುದು ಹೆಂಡತಿಯ ಹುಟ್ಟಿದ ದಿನಾಂಕ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಮೂಲ ಪಿಂಚಣಿಯಷ್ಟೇ ಇನ್ನೊಂದು ಪಾಲು. ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಜನ್ಮದಿನಾಂಕ ಎಷ್ಟೋ ಕಡೆ ಬರೆದೇ ಇಲ್ಲ. ಆ ಜಾಗ ಖಾಲಿ ಇದ್ದರೆ ಅಜ್ಜಿಗೆ ಎಂಬತ್ತು ತುಂಬುವುದೇ ಇಲ್ಲ. ಊರಿಗೆಲ್ಲ ಆಕೆ ಹಿರಿಯಳು, ಲೆಕ್ಕಪತ್ರಕ್ಕೆ ಮಾತ್ರ ವಯಸ್ಸಿಲ್ಲದವಳು. ಮೂಲ ಕುಟುಂಬ ಪಿಂಚಣಿ ಹತ್ತು ಸಾವಿರ ಎಂದುಕೊಂಡರೂ ತಿಂಗಳಿಗೆ ಎರಡು ಸಾವಿರ, ಅದರ ಮೇಲಿನ ತುಟ್ಟಿಭತ್ಯೆ ಬೇರೆ. ಶಾಲೆಗೆ ಹೋಗದ ತಾಯಂದಿರ ಬಳಿ ಜನ್ಮ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಪಾನ್ ಕಾರ್ಡ್, ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಮುಂತಾದವುಗಳನ್ನೂ ಪುರಾವೆಯಾಗಿ ಒಪ್ಪಲು ಅವಕಾಶ ಇದೆ. ಇವುಗಳಲ್ಲೇ ಒಂದರಲ್ಲಿರುವ ವರ್ಷ ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಅರ್ಜಿ ಹಾಕಿ.

ಜವಾನನ ಸ್ವಂತ ಜನ್ಮದಿನಾಂಕದ ಕತೆಯೇ ಬೇರೆ. ನಮ್ಮ ಹಳ್ಳಿಗಳಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ರಂದು, ಏಕೆಂದರೆ ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಹಾಗೆ ಬರೆದರು. ಭರ್ತಿಯಾದಾಗ ದಾಖಲಾದ ದಿನಾಂಕವನ್ನು ಸೇವೆಯ ಕೊನೆಗಾಲದಲ್ಲಿ ಬದಲಿಸಿ ಎಂದರೆ ಯಾವ ಕಚೇರಿಯೂ ಕೇಳುವುದಿಲ್ಲ. ಬದಲಿಸಿದರೆ ನಿವೃತ್ತಿಯ ದಿನವೇ ಮುಂದೆ ಹೋಗುತ್ತದಲ್ಲ. ಇದಕ್ಕೆ ಭೂಸೇನೆಯ ಮುಖ್ಯಸ್ಥರೂ ಹೊರತಲ್ಲ ಎಂಬುದನ್ನು 2012ರಲ್ಲಿ ದೇಶವೇ ನೋಡಿತು. ಜನರಲ್ ವಿ.ಕೆ. ಸಿಂಗ್ ಅವರ ಮೆಟ್ರಿಕ್ ಪ್ರಮಾಣಪತ್ರದಲ್ಲಿ 1951ರ ಮೇ 10 ಎಂದಿತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹಾಕಿದ ಅರ್ಜಿಯಲ್ಲಿ 1950. ಸೇನಾ ಪ್ರಧಾನ ಕಚೇರಿಯ ಒಂದು ಶಾಖೆ ಅವರನ್ನು 1951ರವರೆಂದು ಬರೆದುಕೊಂಡಿತ್ತು, ಇನ್ನೊಂದು ಶಾಖೆ 1950ರವರೆಂದು. ದಶಕಗಳ ಕಾಲ ಎರಡೂ ಪಕ್ಕಪಕ್ಕದಲ್ಲೇ ಇದ್ದವು. ನಡುವೆ ಬಡ್ತಿಯ ಹೊತ್ತಿನಲ್ಲಿ 1950 ಅನ್ನು ಒಪ್ಪಿ ಅವರೇ ಪತ್ರ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಫೆಬ್ರವರಿ 10ರಂದು ಅವರ ಪರ ನಿಲ್ಲಲು ಒಪ್ಪಲಿಲ್ಲ, ಅವರು ಅರ್ಜಿ ಹಿಂಪಡೆದರು, ಮೇ 31ಕ್ಕೆ ನಿವೃತ್ತರಾದರು. ಅದರ ರಾಜಕೀಯ ಏನೇ ಇರಲಿ, ನಮ್ಮಂಥವರಿಗೆ ಅದರಲ್ಲಿರುವುದು ಇಷ್ಟು: ಹುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ ಹೋಗದೆ, ಕಾಗದದಲ್ಲಿ ಏನಿದೆ, ನೀನು ಯಾವಾಗ ಆಕ್ಷೇಪಿಸಿದೆ ಎಂಬುದನ್ನೇ ನೋಡುತ್ತಾರೆ.

ಹಾಗಾದರೆ ಹೆಂಡತಿಯ ಹೆಸರನ್ನು ತಿದ್ದಿಸುವುದು ಹೇಗೆ? ದೆಹಲಿಗೆ ಬರೆಯಬೇಡಿ. ರಾಷ್ಟ್ರಪತಿಗೆ, ಪ್ರಧಾನಿಗೆ ಬರೆದ ಅರ್ಜಿಗಳು ಸೀಲು ಹೊಡೆಸಿಕೊಂಡು ಮೇಜಿನಿಂದ ಮೇಜಿಗೆ ಇಳಿದು ಕಡೆಗೆ ಬರುವುದು ಅದೇ ರೆಕಾರ್ಡ್ ಆಫೀಸಿನ ಅದೇ ಗುಮಾಸ್ತನ ಬಳಿಗೆ, ಅಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ಯಾವ ರೆಕಾರ್ಡ್ ಆಫೀಸ್ ಎಂಬುದನ್ನು ನಿರ್ಧರಿಸುವುದು ಆತನ ರೆಜಿಮೆಂಟು, ಊರಾಗಲಿ ಯುದ್ಧ ಮಾಡಿದ ಜಾಗವಾಗಲಿ ಅಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲೇ ಇದೆ, ಮದ್ರಾಸ್ ಸ್ಯಾಪರ್ಸ್ ಎಂದು ಕರೆಯುವ ಎಂಇಜಿಯವರದು ಬೆಂಗಳೂರಿನಲ್ಲಿ. ಮದ್ರಾಸ್ ರೆಜಿಮೆಂಟಿನವರು ನೀಲಗಿರಿಯ ವೆಲ್ಲಿಂಗ್ಟನ್‌ಗೆ, ಫಿರಂಗಿ ದಳದವರು ನಾಸಿಕ್ ರೋಡಿಗೆ, ಸಿಗ್ನಲ್ಸ್‌ನವರು ಜಬಲ್ಪುರಕ್ಕೆ, ಇಎಂಇಯವರು ಸಿಕಂದರಾಬಾದಿಗೆ ಬರೆಯಬೇಕು. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರತೋ ಪಾರ್ಕಿನಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯ ಮಾನ್‌ಖುರ್ದ್‌ನಲ್ಲಿ.

ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸುವುದು ಉತ್ತಮ. ಕರ್ನಾಟಕದಲ್ಲಿ ಎಲ್ಲ ಜಿಲ್ಲೆಗೂ ಒಂದೊಂದು ಇಲ್ಲ, ಕೆಲವು ಕಚೇರಿಗಳು ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡಿಕೊಳ್ಳುತ್ತವೆ. ಅಲ್ಲಿ ಕೂತಿರುವವರು ಸಾಮಾನ್ಯವಾಗಿ ಮಾಜಿ ಸೈನಿಕರೇ, ಫಾರಂ ಯಾವುದು, ಮೊಹರು ಎಲ್ಲಿ ಎಂಬುದು ಗೊತ್ತಿರುತ್ತದೆ. ಒಂದೆರಡು ಅಕ್ಷರದ ವ್ಯತ್ಯಾಸವಾದರೆ ‘ಈ ಎರಡೂ ಹೆಸರಿನವರು ಒಬ್ಬರೇ’ ಎಂಬ ಅಫಿಡವಿಟ್ಟು, ಆಧಾರ್, ಪಾಸ್‌ಬುಕ್ಕು, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ನಕಲು ಸಾಕಾಗಬಹುದು. ಹೆಸರು ಪೂರ್ತಿ ಬೇರೆಯಾದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ಟನ್ನು, ಒಂದು ಇಂಗ್ಲಿಷ್ ಮತ್ತು ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆಯನ್ನು ಕೇಳುವುದು ವಾಡಿಕೆ. ಒಂದೊಂದು ರೆಕಾರ್ಡ್ ಆಫೀಸಿನ ಪಟ್ಟಿ ಒಂದೊಂದು ಥರ. ಅದಕ್ಕೇ ಮೊದಲು ಒಂದು ಕಾಗದ ಬರೆದು ಏನೇನು ಬೇಕೆಂದು ಕೇಳಿಕೊಳ್ಳಿ, ಸ್ಟಾಂಪ್ ಪೇಪರಿಗೆ ದುಡ್ಡು ಹಾಕುವುದು ಆಮೇಲೆ. ಆರ್ಮಿ ನಂಬರ್ ಇಲ್ಲದ ಕಾಗದಕ್ಕೆ ಉತ್ತರ ಕಾಯಬೇಡಿ. ಕಡತದಲ್ಲಿ ಹೆಸರು ತಿದ್ದಿದ ಮೇಲೆ ತಿದ್ದುಪಡಿ ಪಿಪಿಒ ಹೊರಡಬೇಕು, ಅಲ್ಲಿಗೆ ಕೆಲಸ ಮುಗಿದಂತೆ. ಇಷ್ಟನ್ನೂ ಜವಾನ ಬದುಕಿದ್ದಾಗ ಮಾಡಿದರೆ ಅವನ ಒಂದು ಸಹಿಗೆ ತೂಕ ಇರುತ್ತದೆ. ಅವನು ಹೋದ ಮೇಲೆ ಅದೇ ಕೆಲಸಕ್ಕೆ ಸಾಕ್ಷಿಗಳು, ಪಂಚಾಯತಿ, ತಹಶೀಲ್ದಾರರು ಎಲ್ಲರೂ ಬೇಕಾಗುತ್ತಾರೆ.

ಈಗ ಪದಕಕ್ಕೆ ಬರೋಣ. ಕೇಳಿ ಬರೆಯುವವರು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿರುತ್ತಾರೆ. ಆ ಕಾಲದಲ್ಲಿ, ಆ ಜಾಗದಲ್ಲಿ ಸೇವೆಯಲ್ಲಿದ್ದರು ಎಂಬುದಕ್ಕೆ ಸಿಗುವ ಪದಕಗಳಿವೆ, ಒಂದು ಗಳಿಗೆಯ ಶೌರ್ಯಕ್ಕೆ ಕೊಡುವ ಪುರಸ್ಕಾರಗಳಿವೆ. ಸಂಗ್ರಾಮ್ ಪದಕ ಮೊದಲನೆಯ ಜಾತಿಯದು. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಅವಧಿಯಲ್ಲಿ ಸೇವೆಯಲ್ಲಿದ್ದವರಿಗಾಗಿ ಅದನ್ನು ಸ್ಥಾಪಿಸಿದರು, ಬೆಂಗಳೂರಿನ ಡಿಪೋದಲ್ಲಿ ಬೂಟು ಎಣಿಸುತ್ತಿದ್ದವರೂ ಅದಕ್ಕೆ ಅರ್ಹರು. ಯುದ್ಧರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಬೇರೆ ಇವೆ. ರಕ್ಷಾ ಪದಕವೂ ಹಾಗೆಯೇ, 1965ರ ಆಗಸ್ಟ್ 5ಕ್ಕೆ 180 ದಿನ ಸೇವೆಯಾಗಿದ್ದವರದು. ‘ಅಪ್ಪನಿಗೆ ಸಂಗ್ರಾಮ್ ಮೆಡಲ್ ಬಂದಿದೆ, ಬಾಂಗ್ಲಾದಲ್ಲಿ ಹೋರಾಡಿದ್ದರು’ ಎಂದು ಊರ ಸನ್ಮಾನದಲ್ಲಿ ಭಾಷಣ ಮಾಡುವ ಮೊದಲು ಪಕ್ಕದಲ್ಲಿ ಪೂರ್ವಿ ಸ್ಟಾರ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಪ್ಪನ ಮಾನವೇನೂ ಕಡಿಮೆಯಾಗುವುದಿಲ್ಲ, ಭಾಷಣ ಮಾತ್ರ ಸ್ವಲ್ಪ ಚಿಕ್ಕದಾಗುತ್ತದೆ.

ಈ ಬಗೆಯ ಪದಕದ ನಮೂದು ಡಿಸ್ಚಾರ್ಜ್ ಬುಕ್ಕಿನಲ್ಲಿದ್ದು ಪದಕ ಮಾತ್ರ ಕೈಗೆ ಬಂದಿಲ್ಲದಿದ್ದರೆ ಕೆಲಸ ಸುಲಭ, ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ. ತಡವಾದೀತು ಅಷ್ಟೆ. ಪದಕಗಳ ಕೊರತೆ ಬಿದ್ದ ಕಾಲದಲ್ಲಿ ಸೇವೆಯಲ್ಲಿರುವ ಜವಾನರೇ ಕಂಟೋನ್ಮೆಂಟಿನ ಅಂಗಡಿಯಲ್ಲಿ ನಕಲು ಕೊಂಡು ಪರೇಡಿಗೆ ಹಾಕಿಕೊಂಡದ್ದುಂಟು. ಮನೆಯಲ್ಲಿರುವುದು ಅಸಲಿಯೋ ಅಂಗಡಿಯದೋ ತಿಳಿಯಲು ಅಂಚನ್ನು ತಿರುಗಿಸಿ ನೋಡಿ, ಸರ್ಕಾರ ಕೊಟ್ಟದ್ದರಲ್ಲಿ ನಂಬರು, ಹೆಸರು ಕೆತ್ತಿರುತ್ತದೆ. ನಮೂದೇ ಇಲ್ಲದಿದ್ದರೆ ಸ್ವಲ್ಪ ಹುಡುಕಾಟ ಬೇಕು. ಆತ ಆ ಅವಧಿಯಲ್ಲಿ ಯಾವ ಯೂನಿಟ್ಟಿನಲ್ಲಿದ್ದ, ಆ ಯೂನಿಟ್ಟು ಎಲ್ಲಿತ್ತು ಎಂಬುದು ಕಡತದಲ್ಲೇ ಇರುತ್ತದೆ. ಸೈನ್ಯ ಸೇವಾ ಪದಕದ ‘ಹಿಮಾಲಯ’, ‘ನೇಫಾ’, ‘ಜಮ್ಮು-ಕಾಶ್ಮೀರ’ ಪಟ್ಟಿಗಳು ತಪ್ಪಿಹೋಗಿರುವುದು ಇಂಥ ಕಡೆ. ಜವಾನ ತನ್ನ ದಾಖಲೆಯ ನಕಲನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ವಾದಕ್ಕೆ ಇಳಿಯುವ ಮೊದಲು ಅದನ್ನು ತರಿಸಿಕೊಂಡವರ ಅರ್ಜಿ ಓದಿದರೆ ಗೊತ್ತಾಗುತ್ತದೆ, ಅದರಲ್ಲಿ ಕೋಪ ಕಡಿಮೆ, ತಾರೀಖು ಹೆಚ್ಚು.

ಶೌರ್ಯ ಪುರಸ್ಕಾರದ ಮಾತು ಹಾಗಲ್ಲ. ಅದು ಹುಟ್ಟುವುದು ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಆಗಲೇ ಬರೆದ ಶಿಫಾರಸಿನಿಂದ. ಬ್ರಿಗೇಡು, ಡಿವಿಷನ್ನು, ಕೋರು, ಕಮಾಂಡು ಹೀಗೆ ಮೆಟ್ಟಿಲೇರಿ ರಕ್ಷಣಾ ಸಚಿವಾಲಯ ದಾಟಿ ರಾಷ್ಟ್ರಪತಿಗಳವರೆಗೆ ಹೋಗಬೇಕು. ಆ ಶಿಫಾರಸೇ ಇಲ್ಲದಿದ್ದರೆ ಐವತ್ತು ವರ್ಷದ ನಂತರ ತಿದ್ದಲು ದಾಖಲೆಯೇ ಇರುವುದಿಲ್ಲ. ಶಿಫಾರಸು ಇದ್ದು ಆಳು ತಪ್ಪಾಗಿದ್ದರೆ ಮಾತ್ರ ತಿದ್ದುವುದು ಸಾಧ್ಯ, ಅದಕ್ಕೆ ಕಾರ್ಗಿಲ್ಲಿನ ಒಂದು ಪ್ರಸಂಗ ಪ್ರಸಿದ್ಧ. ಟೈಗರ್ ಹಿಲ್ ಏರಿದ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಮೊದಲು ಘೋಷಣೆಯಾದದ್ದು ಮರಣೋತ್ತರವಾಗಿ. ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಅದೇ ಹೆಸರಿನ ಇನ್ನೊಬ್ಬ ಯೋಧ ಹುತಾತ್ಮರಾಗಿದ್ದರು. ದೇಶದ ಅತ್ಯುಚ್ಚ ಪದಕದ ಕಾಗದದಲ್ಲೇ ಇಂಥದ್ದು ನಡೆಯಬಹುದಾದರೆ, ಲಕ್ಕವ್ವನ ಹೆಸರು ತಪ್ಪಿದ್ದರಲ್ಲಿ ಆಶ್ಚರ್ಯ ಏನಿದೆ?

ಕಾರ್ಗಿಲ್ಲಿನದೇ ಇನ್ನೊಂದು ಪ್ರಕರಣ ಅಷ್ಟು ಬೇಗ ಬಗೆಹರಿಯಲಿಲ್ಲ. ಬಟಾಲಿಕ್ ವಲಯದಲ್ಲಿ 70ನೇ ಇನ್‌ಫೆಂಟ್ರಿ ಬ್ರಿಗೇಡನ್ನು ಮುನ್ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್, ಯುದ್ಧದ ವರದಿಯಲ್ಲಿ ತನ್ನ ಪಾತ್ರವನ್ನು ಕುಗ್ಗಿಸಿ ಬರೆಯಲಾಗಿದೆ ಎಂದು ದೂರಿದರು. ಯುದ್ಧದಲ್ಲಿ ಬ್ರಿಗೇಡ್ ನಡೆಸಿದ ಅವರಿಗೆ ಸಿಕ್ಕಿದ್ದು ವಿಶಿಷ್ಟ ಸೇವಾ ಪದಕ, ಅದು ಶೌರ್ಯದ ಸಾಲಿನದಲ್ಲ. ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ 2010ರಲ್ಲಿ ಅವರ ದೂರಿನಲ್ಲಿ ಹುರುಳಿದೆ ಎಂದಿತು. ಮೇಲಧಿಕಾರಿಯ ಬರಹದಲ್ಲಿ ಪಕ್ಷಪಾತವಿದೆ, ದಾಖಲೆ ಸರಿಪಡಿಸಬೇಕು ಎಂದು ಹೇಳಿತು. ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ವಕೀಲರು, ನಕ್ಷೆ, ಸಂದೇಶಗಳ ಪ್ರತಿ ಎಲ್ಲ ಇದ್ದ ಬ್ರಿಗೇಡಿಯರಿಗೆ ಹಿಡಿದ ಕಾಲ ಅದು. ಹಾಗಾಗಿ ಶೌರ್ಯ ಪದಕದ ಬೆನ್ನು ಹತ್ತುವ ಮೊಮ್ಮಕ್ಕಳಿಗೆ ನಾನು ಉತ್ಸಾಹ ತುಂಬಿ ಬರೆಯುವುದಿಲ್ಲ. ನಿರ್ದಯಿ ಎನ್ನಿಸಿಕೊಂಡರೂ ಸರಿ.

ಕಡತಕ್ಕೂ ಒಂದು ಗಡುವಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಿಂಚಣಿಗೆ ಅರ್ಹರಾಗದೆ ಬೇಗ ಬಿಟ್ಟುಬಂದವರ ಕಡತಗಳನ್ನು ರೆಕಾರ್ಡ್ ಆಫೀಸುಗಳು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತವೆ, ನಿಯಮದ ಪ್ರಕಾರವೇ. ಪಿಂಚಣಿದಾರರದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ನಾಶವಾದ ಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರಿನಲ್ಲಿ ಒಂದು ಸಾಲು: ನಂಬರು, ಹೆಸರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಹಳೆಯ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಡಿಸ್ಚಾರ್ಜ್ ಬುಕ್ ಆಗ ಇಡೀ ದೇಶದಲ್ಲಿ ಉಳಿದ ಒಂದೇ ಪ್ರತಿಯಾಗಿರಬಹುದು. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದ ಮೇಲೆ ಮುಂದಿನ ನಮೂದನ್ನು ಎಲ್ಲಿ ಬರೆಯುವುದು?

ಅರ್ಜಿ ತಿರಸ್ಕೃತವಾದರೆ, ಅಥವಾ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಟ್ರಿಬ್ಯೂನಲ್ಲಿಗೆ ಹೋಗುವ ದಾರಿ ತೆರೆಯುತ್ತದೆ. 2007ರ ಕಾಯ್ದೆಯಿಂದ ಹುಟ್ಟಿ 2009ರಿಂದ ಕೆಲಸ ಮಾಡುತ್ತಿರುವ ಈ ಟ್ರಿಬ್ಯೂನಲ್ಲಿನ ಕೊಚ್ಚಿ ಪೀಠ ಕರ್ನಾಟಕವನ್ನು ನೋಡಿಕೊಳ್ಳುತ್ತದೆ. ಬೀದರಿನ ವಿಧವೆಗೆ ಕೊಚ್ಚಿ ಎಷ್ಟು ದೂರ ಎಂದು ಆ ಗಡಿ ಹಾಕಿದವರು ಯೋಚಿಸಿದ್ದರೋ ಇಲ್ಲವೋ. ಇಷ್ಟೊಂದು ಮಾಜಿ ಸೈನಿಕರಿರುವ ರಾಜ್ಯಕ್ಕೆ ಒಂದು ಕಾಯಂ ಪೀಠ ಬೆಂಗಳೂರಿನಲ್ಲಿ ಇರಬೇಕೆಂಬುದು ನನ್ನ ಅಭಿಪ್ರಾಯ. ತಡವಾಗಿ ಹೋದರೂ ಪಿಂಚಣಿಯ ವಿಷಯದಲ್ಲಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಏಕೆಂದರೆ ತಪ್ಪು ಪ್ರತಿ ತಿಂಗಳೂ ಹೊಸದಾಗಿ ನಡೆಯುತ್ತಿರುತ್ತದೆ. ಆದರೆ ಸುಪ್ರೀಂ ಕೋರ್ಟ್ 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದಂತೆ, ಹಿಂದಿನ ಬಾಕಿ ಸಾಮಾನ್ಯವಾಗಿ ದಾವೆಗೆ ಮುಂಚಿನ ಮೂರು ವರ್ಷದ್ದಷ್ಟೇ ಸಿಗುತ್ತದೆ. ಹದಿನೈದು ವರ್ಷ ಸುಮ್ಮನಿದ್ದ ತಾಯಿಗೆ ಹನ್ನೆರಡು ವರ್ಷದ ದುಡ್ಡು ಹೋದಂತೆಯೇ.

ಟ್ರಿಬ್ಯೂನಲ್ಲಿನಲ್ಲಿ ಗೆದ್ದರೂ, ರೆಕಾರ್ಡ್ ಆಫೀಸೇ ಒಪ್ಪಿ ತಿದ್ದಿದರೂ, ಆದೇಶದ ಪ್ರತಿ ಕೈಗೆ ಬಂತೆಂದು ಬೀರುವಿನಲ್ಲಿ ಇಡಬೇಡಿ. ಮರು ತಿಂಗಳು ಸ್ಪರ್ಶ್ ತೆರೆದು ಹೆಂಡತಿಯ ಹೆಸರು, ಜನ್ಮದಿನಾಂಕ ಎರಡನ್ನೂ ಓದಿ. ಅಲ್ಲಿ ಇನ್ನೂ ಹಳೆಯದೇ ಕಾಣುತ್ತಿದ್ದರೆ ಪ್ರಯಾಗ್‌ರಾಜ್‌ನಿಂದ ತಿದ್ದುಪಡಿ ಪಿಪಿಒ ಇನ್ನೂ ಹೊರಟಿಲ್ಲ ಎಂದರ್ಥ. ಪಿಪಿಒ ನಂಬರ್ ಮತ್ತು ಆದೇಶದ ದಿನಾಂಕ ಬರೆದು ರೆಕಾರ್ಡ್ ಆಫೀಸಿಗೆ ಇನ್ನೊಂದು ಕಾಗದ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ.